ಲೋಕವೇ ಹೊಗಳಿದ ಮನೆ, ಒಳ ಇಪ್ಪವರ ಬಾಲ್ದಿ

ಮನೆ ಒಕ್ಕಲಿಂಗೆ ಹೋದಲ್ಲಿ ನಾವೆಲ್ಲ ಹೇಳುವ ಮಾತು ಒಂದೇ ಅಲ್ಲದಾ? ಪಾಯಸ ಉಂಡಿಕ್ಕಿ, ಕೋಣೆ ಕೋಣೆ ನೋಡಿಕ್ಕಿ, "ಭಾರೀ ಲಾಯ್ಕ ಆಯಿದು ಆತೋ" ಹೇಳಿ ಹೆರಡುದು. ಹಾಂಗೆ ಹೇಳುದೇ ಕ್ರಮ. ಆದರೆ ಆ ಮನೆಲಿ ಒಂದು ಆಟಿ ತಿಂಗಳು ಕಳುದ ಮತ್ತೆ ಅಲ್ಯಾಣ ಹೆಮ್ಮಕ್ಕಳ ಹತ್ತರೆ ಕೇಳಿರೆ ಬಪ್ಪ ಉತ್ತರ ಬೇರೆ ಇಕ್ಕು. ಅಡಿಗೆ ಕೋಣೆಗೆ ಎರಚಲು ಹೊಡೆತ್ತು, ಚೆಂಡಿ ವಸ್ತ್ರ ಹರಗಲೆ ಜಾಗೆ ಇಲ್ಲೆ, ಮೂಲೆಲಿ ಗೋಡೆ ಹಸಿ ಆಗಿ ಬಣ್ಣ ಏಳ್ತು. ಒಂದು ಮನೆಯ ಬಗ್ಗೆ ಹೀಂಗೆ ಎರಡು ನಮೂನೆ ಅಭಿಪ್ರಾಯ ಇರ್ತು: ನೋಡಿಕ್ಕಿ ಹೋಪವರದ್ದು ಒಂದು, ಒಳ ಇದ್ದುಗೊಂಡು ಉಡುಗಿ ಉದ್ದುವವರದ್ದು ಇನ್ನೊಂದು. ಪುಸ್ತಕಂಗಳಲ್ಲಿ ಬಪ್ಪದು ಹೆಚ್ಚಾಗಿ ಸುರೂವಾಣದ್ದು ಮಾಂತ್ರ.

ಎನ್ನ ತಮ್ಮನ ಮಗಳು ಆರ್ಕಿಟೆಕ್ಚರ್ ಕಲಿತ್ತಾ ಇದ್ದು. ರಜೆಲಿ ಬಂದಿಪ್ಪಗ ಅದರ ಪುಸ್ತಕಂಗಳ ಆನುದೆ ಬಿಡುಸಿ ನೋಡುದು. ಎನಗೆ ಪಿಯುಸಿವರೆಗಾಣ ಇಂಗ್ಲಿಷು, ಅರ್ಥ ಆಗದ್ದಲ್ಲಿ ಅದು ಹೇಳಿಕೊಡುತ್ತು. ಹಾಂಗೆ ಓದಿ, ಕೇಳಿ ಗೊಂತಾದ ಕೆಲವು ಪ್ರಸಿದ್ಧ ಮನೆಗಳ ಕತೆಯ ಇಲ್ಲಿ ಬರೆತ್ತೆ. ಹೆಸರುಗೊ ದೂರದ್ದು. ಆದರೆ ಓದಿಗೊಂಡು ಹೋಪಗ ಎನಗೆ ಕಂಡದು ನಮ್ಮ ಪುತ್ತೂರು, ಸುಳ್ಯ, ಕಡಬದ ಮನೆಗಳೇ.

ಪ್ಯಾರಿಸಿಂದ ಸುಮಾರು 30 ಕಿಲೋಮೀಟರು ದೂರಲ್ಲಿ ಪ್ವಾಸಿ ಹೇಳ್ತ ಊರಿದ್ದು. ಅಲ್ಲಿ ಪಿಯೆರ್ ಸವೋಯ್, ಯುಜೀನಿ ಸವೋಯ್ ಹೇಳ್ತ ಗೆಂಡ ಹೆಂಡತಿ, ವಾರಕೊನೆಲಿ ಬಂದು ಇಪ್ಪಲೆ ಹೇಳಿ ಒಂದು ಮನೆ ಕಟ್ಟುಸಿದವು. 1928ರಲ್ಲಿ ಸುರು ಆದ ಕೆಲಸ 1931ಕ್ಕೆ ಮುಗುದತ್ತು. ನಕ್ಷೆ ಮಾಡಿದ್ದು ಲ ಕಾರ್ಬೂಸಿಯೆ ಮತ್ತೆ ಅವಕ್ಕೆ ಸಂಬಂಧಲ್ಲಿ ತಮ್ಮ ಆಯೆಕ್ಕಾದ ಪಿಯೆರ್ ಜಾನ್ರೆ. ಮತ್ತೆ ನಮ್ಮ ದೇಶಕ್ಕೆ ಬಂದು ಚಂಡೀಗಢ ಪೇಟೆಯ ಯೋಜನೆ ಮಾಡಿದ್ದು ಇದೇ ಲ ಕಾರ್ಬೂಸಿಯೆ. ಮನೆಯ ಒಂದು ಯಂತ್ರಕ್ಕೆ ಹೋಲುಸಿದ ಮನುಷ್ಯ ಅವು. ಹೊಸ ಕಾಲದ ಮನಗೆ ಐದು ನಿಯಮ ಹೇಳಿ ಮಾಡಿದವು. ಮನೆಯ ನೆಲಂದ ಎತ್ತಿ ಸಪೂರ ಕಂಬಂಗಳ ಮೇಗೆ ನಿಲ್ಲುಸೆಕ್ಕು. ಭಾರ ಎಲ್ಲ ಕಂಬಕ್ಕೇ ಇಪ್ಪ ಕಾರಣ ಒಳಾಣ ಗೋಡೆ ಎಲ್ಲಿ ಬೇಕಾರೂ ಹಾಕಲಕ್ಕು. ಹೆರಾಣ ಗೋಡೆಯ ರೂಪವುದೆ ಬೇಕಾದ ಹಾಂಗೆ ಮಾಡ್ಲಕ್ಕು. ಕಿಟಿಕಿ ಈ ಕೊಡಿಂದ ಆ ಕೊಡಿವರೆಗೆ ಉದ್ದ ಪಟ್ಟಿ ಹಾಂಗೆ ಇರೆಕ್ಕು. ಮಾಡಿಂಗೆ ಇಳಿಜಾರು ಬೇಡ, ಚಪ್ಪಟೆ ಮಾಡಿ ಅದರ ಮೇಗೆ ಹೂಗಿನ ತೋಟ ಮಾಡೆಕ್ಕು.

ಸವೋಯ್ ಮನೆಲಿ ಈ ಐದುದೆ ಇದ್ದು. ಗೆದ್ದೆ ನಡುಕೆ ಒಂದು ಬೆಳಿ ಪೆಟ್ಟಿಗೆ ಕಾಲಿಲಿ ನಿಂದ ಹಾಂಗೆ ಕಾಣ್ತು. ಕೆಳಾಣ ಗೋಡೆಯ ತಿರುವುದೇ ಕಾರು ತಿರುಗುವ ಅಂದಾಜಿಂಗೆ ಮಾಡಿದ್ದು. ಮೇಗೆ ಹೋಪಲೆ ಮೆಟ್ಲೂ ಇದ್ದು, ಮೆಲ್ಲಂಗೆ ಏರುವ ಓರೆ ದಾರಿಯೂ ಇದ್ದು. ಯುಜೀನಿ ಅಮ್ಮ ಮದಲೇ ತನಗೆ ಎಂತೆಲ್ಲ ಬೇಕು ಹೇಳಿ ಸರಿಯಾಗಿ ಬರದು ಕೊಟ್ಟಿತ್ತಿದ್ದವು. ಬೆಶಿನೀರು, ತಣ್ಣೀರು, ಕರೆಂಟು, ಕೋಣೆಗೊ ಎಷ್ಟು, ಮುಂದೆ ಮನೆ ದೊಡ್ಡ ಮಾಡ್ಲೆ ಎಡಿಯೆಕ್ಕು ಹೇಳಿ ಎಲ್ಲವುದೆ. ಗೃಹಸ್ಥೆ ಒಬ್ಬ ಬರವಲೆ ಇಪ್ಪ ಪಟ್ಟಿ ಅದು. ಅಪ್ಪು, ನಿಂಗಳುದೆ ಆನುದೆ ಬರಗು.

ಮನೆ ಸೋರ್ಲೆ ಹೆಚ್ಚು ಸಮಯ ಬೇಕಾಯಿದಿಲ್ಲೆ. ಚಪ್ಪಟೆ ಮಾಡಿಂಗೆ ನೀರು ಇಳುದು ಹೋಪಲೆ ಸರಿಯಾದ ಇಳಿಜಾರು ಇಲ್ಲೆ, ಬೆಣ್ಚಿಗೆ ಹೇಳಿ ಮಡಗಿದ ಮಾಡಿನ ಗ್ಲಾಸಿನ ಸುತ್ತ ಸಂದಿ. ಯುಜೀನಿ ಅಮ್ಮ ಕಾಗದ ಬರದವು. ಹಾಲಿಲಿ ಮಳೆ, ಓರೆ ದಾರಿಲಿ ಮಳೆ, ಕಾರಿನ ಕೋಣೆಯ ಗೋಡೆ ಪೂರ ಚೆಂಡಿ, ಮೀವ ಕೋಣೆಲಿ ಮಾಡಿನ ಗ್ಲಾಸಿಂದ ನೀರು ಇಳುದು ಕೆರೆ ಆವುತ್ತು ಹೇಳಿ 1936ರಲ್ಲಿ ಬರದ ಕಾಗದ ಇಂದಿಂಗೂ ಇದ್ದು. ಮರುವರ್ಷ ಸಹನೆ ಮುಗುದತ್ತು. ಇದರ ಮನುಷ್ಯರು ಇಪ್ಪಲೆ ಎಡಿತ್ತ ಹಾಂಗೆ ಮಾಡಿಕೊಡಿ, ಇಲ್ಲದ್ದರೆ ಕೋರ್ಟಿಂಗೆ ಹೋಯೆಕ್ಕಕ್ಕು ಹೇಳ್ತ ಅರ್ಥಲ್ಲಿ ಬರದವು.

ಒಂದು ಲೆಕ್ಕ ಹೇಳ್ತೆ ಕೇಳಿ. ಪ್ಯಾರಿಸಿನ ಹೊಡೆಲಿ ವರ್ಷ ಇಡೀ ಬಪ್ಪ ಮಳೆ ಸುಮಾರು 650 ಮಿಲ್ಲಿಮೀಟರು. ನಮ್ಮ ದಕ್ಷಿಣ ಕನ್ನಡಲ್ಲಿ ವರ್ಷಕ್ಕೆ ಸುಮಾರು 4000. ಅವರ ಇಡೀ ವರ್ಷದ ಮಳೆಂದ ಹೆಚ್ಚು ನಮ್ಮಲ್ಲಿ ಜುಲೈ ಒಂದು ತಿಂಗಳಿಲೇ ಬತ್ತು. ಅಷ್ಟು ರಜ್ಜ ಮಳೆಗೇ ಆ ಅಮ್ಮ ಹಾಂಗೆ ಪರಂಚೆಕ್ಕಾಗಿ ಬಂದರೆ, ಅದೇ ಮನೆಯ ಸುಬ್ರಹ್ಮಣ್ಯದ ಹೊಡೆಲಿ ಕಟ್ಟಿದ್ದರೆ ಎಂತ ಆವುತಿತ್ತು ಹೇಳಿ ಗ್ರೇಶಿ.

ಇಷ್ಟೆಲ್ಲ ಅಪ್ಪಗ ಹೆರಾಣವು ಎಂತ ಹೇಳಿಗೊಂಡಿತ್ತಿದ್ದವು? ಹೊಗಳಿಗೊಂಡಿತ್ತಿದ್ದವು. ಪತ್ರಿಕೆಗಳಲ್ಲಿ ಪಟ ಬಂತು, ಬೇರೆ ದೇಶಂದ ಆರ್ಕಿಟೆಕ್ಟುಗೊ ನೋಡ್ಲೆ ಬಂದವು. ಮನೆಯ ಕೆಳಾಣ ಹಾಲಿಲಿ ಒಂದು ಪುಸ್ತಕ ಮಡುಗಿ, ಬಂದವರ ಹೆಸರು ವಿಳಾಸ ಬರೆಶಿ, ಎಂತೆಂತ ದೊಡ್ಡವರ ಸಹಿ ಸಿಕ್ಕುತ್ತು ನೋಡಿ ಹೇಳಿ ಲ ಕಾರ್ಬೂಸಿಯೆ ಆ ಮನೆಯವಕ್ಕೆ ಸಲಹೆ ಕೊಟ್ಟವು. ಇದರ ಓದುವಗ ಎನಗೆ ನೆಗೆಯೂ ಬಂತು, ಪಿಸುರೂ ಬಂತು. ಅವಕ್ಕೆ ಬೇಕಾದ್ದು ಸೋರದ್ದ ಮಾಡು, ಸಿಕ್ಕಿದ್ದು ಸಹಿಯ ಪುಸ್ತಕದ ಸಲಹೆ.

1940ರಲ್ಲಿ ಯುದ್ಧ ಬಂದಪ್ಪಗ ಸವೋಯ್ ಕುಟುಂಬ ಮನೆ ಬಿಟ್ಟು ಹೋತು. ಸುರುವಿಂಗೆ ಜರ್ಮನ್ ಸೈನ್ಯ, ಮತ್ತೆ ಅಮೆರಿಕದ ಸೈನ್ಯ ಅಲ್ಲಿ ಕೂದವು. ಮನೆ ಹಾಳಾತು. ಯುದ್ಧ ಮುಗುದ ಮೇಗೆ ಬೆಳುಲು ತುಂಬುಸುವ ಜಾಗೆಯೂ ಆತು, ನಮ್ಮ ಹಟ್ಟಿಯ ಅಟ್ಟದ ಹಾಂಗೆ. 1958ರಲ್ಲಿ ಊರಿನ ಆಡಳಿತದವು ಶಾಲೆ ಕಟ್ಲೆ ಹೇಳಿ ಆ ಜಾಗೆಯ ಸ್ವಾಧೀನ ಮಾಡಿಗೊಂಡವು. ಮನೆ ಹೊಡಿ ಆಗಿ ಹೋಪ ಸಂದರ್ಭ. ಅಷ್ಟಪ್ಪಗ ಲೋಕದ ಎಲ್ಲ ಮೂಲೆಂದ ಆರ್ಕಿಟೆಕ್ಟುಗೊ ಬೊಬ್ಬೆ ಹಾಕಿದವು, ಕಾಗದ ಬರದವು. ಆಂದ್ರೆ ಮಾಲ್ರೋ ಹೇಳ್ತ ಲೇಖಕ ಆವಗ ಅಲ್ಲಿ ಸಂಸ್ಕೃತಿ ಮಂತ್ರಿ ಆಗಿತ್ತಿದ್ದವು. ಮನೆ ಒಳುದತ್ತು. 1965ರ ಅಕೇರಿಲಿ, ಲ ಕಾರ್ಬೂಸಿಯೆ ತೀರಿಹೋಗಿ ನಾಲ್ಕು ತಿಂಗಳು ಅಪ್ಪಗ, ಅದರ ಐತಿಹಾಸಿಕ ಸ್ಮಾರಕ ಹೇಳಿ ಘೋಷಣೆ ಮಾಡಿದವು. ಮತ್ತೆ ಪೈಸೆ ಖರ್ಚು ಮಾಡಿ ರಿಪೇರಿ ಮಾಡಿದವು. 2016ರಲ್ಲಿ ಯುನೆಸ್ಕೋ, ಲ ಕಾರ್ಬೂಸಿಯೆಯ 17 ಕಟ್ಟೋಣಂಗಳ ಏಳು ದೇಶಂಗಳಿಂದ ಸೇರ್ಸಿ ವಿಶ್ವ ಪರಂಪರೆಯ ಪಟ್ಟಿಲಿ ಹಾಕಿತ್ತು. ಸವೋಯ್ ಮನೆಯೂ, ನಮ್ಮ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸೂ ಆ ಪಟ್ಟಿಲಿ ಇದ್ದು. ಈಗ ಆ ಮನೆಗೆ ಟಿಕೇಟು ತೆಗದು ಹೋಯೆಕ್ಕು. ಅಲ್ಲಿ ಈಗ ಆರೂ ಒರಗುತ್ತವಿಲ್ಲೆ, ಅಡಿಗೆ ಮಾಡ್ತವಿಲ್ಲೆ.

ಎರಡ್ನೇ ಕತೆ ಅಮೆರಿಕದ್ದು. ಎಡಿತ್ ಫಾರ್ನ್ಸ್‌ವರ್ತ್ ಹೇಳ್ತ ಹೆಮ್ಮಕ್ಕೊ ಶಿಕಾಗೋಲಿ ಡಾಕ್ಟ್ರು ಆಗಿತ್ತಿದ್ದವು, ಮೂತ್ರಪಿಂಡದ ಖಾಯಿಲೆಯ ತಜ್ಞೆ. ಮದುವೆ ಆಯಿದವಿಲ್ಲೆ. ಸ್ವಂತ ದುಡುದ ಪೈಸೆಲಿ, ಇಲಿನಾಯ್ ರಾಜ್ಯದ ಪ್ಲಾನೋ ಊರಿಲಿ ಫಾಕ್ಸ್ ಹೇಳ್ತ ಹೊಳೆಕರೆಲಿ ಒಂದು ಸಣ್ಣ ಮನೆ ಕಟ್ಟುಸುಲೆ ಹೆರಟವು. ನಕ್ಷೆ ಮಾಡಿದ್ದು ಮೀಸ್ ವಾನ್ ಡೆರ್ ರೋ. 1951ಕ್ಕೆ ಮುಗುದ ಆ ಮನೆ ಸುಮಾರು 1500 ಚದರ ಅಡಿ ಇದ್ದು, ಎಂಟು ಉಕ್ಕಿನ ಕಂಬದ ಮೇಗೆ ನೆಲಂದ ಐದು ಅಡಿ ಎತ್ತರಲ್ಲಿ ನಿಂದಿದು. ನಾಲ್ಕು ಹೊಡೆಲಿಯೂ ಬರೀ ಗ್ಲಾಸು. ಒಳ ಕೂದರೆ ಮರ, ಹೊಳೆ, ಆಕಾಶ ಎಲ್ಲ ಕಾಣ್ತು. ಹೆರ ನಿಂದವಕ್ಕೆ ಒಳ ಇಪ್ಪವುದೆ ಕಾಣ್ತವು.

ಲೆಕ್ಕಂದ ಹೆಚ್ಚು ಖರ್ಚಾತು ಹೇಳಿ ಡಾಕ್ಟ್ರಿಂಗೂ ಆರ್ಕಿಟೆಕ್ಟಿಂಗೂ ಜಗಳ ಬಂತು, ಕೋರ್ಟಿಂಗೆ ಹೋತು. ಅಲ್ಲಿ ತೀರ್ಪು ಆರ್ಕಿಟೆಕ್ಟಿನ ಹೊಡೆಂಗೆ ಬಂತು. 1953ರಲ್ಲಿ ಹೌಸ್ ಬ್ಯೂಟಿಫುಲ್ ಹೇಳ್ತ ಮನೆವಾರ್ತೆ ಪತ್ರಿಕೆಯ ಸಂಪಾದಕಿ ಎಲಿಜಬೆತ್ ಗಾರ್ಡನ್, ಹೀಂಗಿಪ್ಪ ಮನೆಗೊ ಜನಂಗೊಕ್ಕೆ ಹೇಂಗೆ ಬದುಕ್ಕೆಕ್ಕು ಹೇಳಿ ಹುಕುಂ ಮಾಡ್ತು ಹೇಳಿ ದೊಡ್ಡ ಲೇಖನ ಬರದವು. ಅದೇ ಪತ್ರಿಕೆಲಿ ಫಾರ್ನ್ಸ್‌ವರ್ತ್ ಡಾಕ್ಟ್ರ ಮಾತುದೆ ಬಂತು. ಅಡಿಗೆ ಜಾಗೆ ಮಾರ್ಗಂದಲೇ ಪೂರ ಕಾಣ್ತ ಕಾರಣ, ಸಿಂಕಿನ ಕೆಳ ಒಂದು ಕಸದ ಡಬ್ಬಿಯನ್ನೂ ಮಡುಗಲೆ ಎಡಿತ್ತಿಲ್ಲೆ ಹೇಳಿ ಅವು ಹೇಳಿದವು. ಆರ್ಕಿಟೆಕ್ಚರಿನ ದೊಡ್ಡ ದೊಡ್ಡ ವಿಮರ್ಶೆಗಳ ಎಡೆಲಿ ಈ ಕಸದ ಡಬ್ಬಿಯ ಮಾತು ಎನಗೆ ಮರವಲೆ ಎಡಿಯ. ಪಾತ್ರೆ ತೊಳೆತ್ತವಕ್ಕೆ ಮಾಂತ್ರ ಹೊಳವ ಮಾತು ಅದು.

ಅಂಬಗ ಕೆಲವರು ಎಂತ ಹೇಳಿದವು ಹೇಳಿರೆ, ಈ ಹೆಮ್ಮಕ್ಕೊಗೆ ಆರ್ಕಿಟೆಕ್ಟಿನ ಮೇಗೆ ಮನಸ್ಸಿತ್ತಿದ್ದು, ಅದು ಆಗದ್ದ ಪಿಸುರಿಂಗೆ ಮನೆಯ ದೂರುತ್ತವು ಹೇಳಿ. ಒಂದು ಹೆಮ್ಮಕ್ಕೊ ಮನೆ ಸರಿ ಇಲ್ಲೆ ಹೇಳಿರೆ ಮನೆಯ ನೋಡುವ ಬದಲು ಆ ಹೆಮ್ಮಕ್ಕಳ ನೋಡುದು! ಆ ಊರಿಲಿಯೂ ಹಾಂಗೇ.

ಹೊಳೆ ಮಾಂತ್ರ ಆರ ಮುಲಾಜೂ ನೋಡಿದ್ದಿಲ್ಲೆ. 1954ರಲ್ಲಿ ಬೊಳ್ಳ ಬಂದು ನೀರು ಮನೆಯೊಳಂಗೆ ಹೊಕ್ಕತ್ತು. 1996ರಲ್ಲಿ ಇನ್ನೂ ಜೋರು ಬಂದು ಗ್ಲಾಸೇ ಒಡದತ್ತು. ನಮ್ಮಲ್ಲಿ ನೇತ್ರಾವತಿ ಕರೆಯವು 1923ರ ಬೊಳ್ಳ, 1974ರ ಬೊಳ್ಳ ಹೇಳಿ ಕಾಲ ಲೆಕ್ಕ ಹಾಕುದು ಕೇಳಿಪ್ಪಿ. ಹೊಳೆಕರೆಲಿ ಪಂಚಾಂಗ ಹಾಕುವ ಮದಲು, ನೀರು ಎಲ್ಲಿವರೆಗೆ ಬಯಿಂದು ಹೇಳಿ ಅಜ್ಜಂದ್ರ ಹತ್ತರೆ ಕೇಳುಗು. ಅದುದೆ ಸಾರ್ವಜನಿಕ ಅಭಿಪ್ರಾಯವೇ, ಬರದು ಮಡುಗದ್ದ ಅಭಿಪ್ರಾಯ.

ಡಾಕ್ಟ್ರು 1972ರಲ್ಲಿ ಮನೆ ಮಾರಿ ಇಟಲಿಗೆ ಹೋದವು, ಅಲ್ಲಿ ಇಟಲಿಯ ಕವಿಗಳ ಇಂಗ್ಲಿಷಿಂಗೆ ಅನುವಾದ ಮಾಡಿಗೊಂಡು ಇತ್ತಿದ್ದವು. 2003ರಲ್ಲಿ ಆ ಮನೆ ಏಲಂ ಆಗಿ 75 ಲಕ್ಷ ಡಾಲರಿಂಗೆ ಹೋತು, ಒಳುಶೆಕ್ಕು ಹೇಳುವ ಸಂಸ್ಥೆಗಳೇ ತೆಗದವು. 2021ರಲ್ಲಿ ಅದರ ಹೆಸರಿನ ಮುಂದೆ "ಎಡಿತ್" ಹೇಳಿ ಸೇರ್ಸಿದವು. ಕಟ್ಟುಸಿದ ಹೆಮ್ಮಕ್ಕಳ ಪೂರ್ತಿ ಹೆಸರು ಬೋರ್ಡಿಂಗೆ ಬಪ್ಪಲೆ 70 ವರ್ಷ ಬೇಕಾತು.

ಅಮೆರಿಕಲ್ಲೇ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಫಾಲಿಂಗ್‌ವಾಟರ್ ಹೇಳ್ತ ಮನೆ ಇದ್ದು, ಅಬ್ಬಿಯ ಮೇಗೆ. ಪಟ ನೋಡಿರೆ ಎಂತವಂಗೂ ಆಸೆ ಅಕ್ಕು. ಅದರ ಯಜಮಾನ ಕಾಫ್‌ಮನ್, ಸೋರುವಲ್ಲಿಗೆ ಮಡುಗುವ ಬಾಲ್ದಿಗಳ ಲೆಕ್ಕ ಮಾಡಿ, ಇದು ಏಳು ಬಾಲ್ದಿಯ ಮನೆ ಹೇಳಿ ಕುಶಾಲು ಮಾಡಿಗೊಂಡಿತ್ತಿದ್ದವಡ. ಎಷ್ಟು ದೊಡ್ಡವರ ಮನೆ ಆದರೂ ಬಾಲ್ದಿ ಬಾಲ್ದಿಯೇ.

ಆದರೆ ಒಂದೇ ಹೊಡೆ ಹೇಳಿರೆ ನ್ಯಾಯ ಅಲ್ಲ. ಲ ಕಾರ್ಬೂಸಿಯೆಯೇ ಅಹಮದಾಬಾದಿಲಿ ಮನೋರಮಾ ಸಾರಾಭಾಯಿ ಹೇಳ್ತ, ಎರಡು ಗೆಂಡುಮಕ್ಕಳ ಅಬ್ಬೆಗೆ 1950ರ ದಶಕಲ್ಲಿ ಒಂದು ಮನೆ ಕಟ್ಟಿಕೊಟ್ಟವು. ಅಲ್ಲಿ ಪ್ವಾಸಿಯ ಬೆಳಿ ಪೆಟ್ಟಿಗೆ ಇಲ್ಲೆ. ಇಟ್ಟಿಗೆ, ಕಮಾನು, ಗಾಳಿ ಬಪ್ಪ ದಿಕ್ಕಿಂಗೆ ತೆರಕ್ಕೊಂಡ ಕೋಣೆಗೊ, ಬೆಶಿಲಿನ ತಡವಲೆ ಮಾಡಿನ ಮೇಗೆ ಮಣ್ಣು ಹಾಕಿ ಹುಲ್ಲು. ಮಾಡಿಂದ ಕೆಳಾಣ ಕೊಳಕ್ಕೆ ಮಕ್ಕೊ ಜಾರಿ ಬೀಳ್ಲೆ ಒಂದು ಜಾರುಬಂಡಿ! ಸೆಖೆ, ಗಾಳಿ, ಆ ಮನೆಯ ಮಕ್ಕೊ, ಎಲ್ಲವನ್ನೂ ಗ್ರೇಶಿ ಮಾಡಿದ ಮನೆ ಹೇಳಿ ಕಾಣ್ತು. ಆ ಅಹಮದಾಬಾದಿನ ಕೆಲಸಂಗಳ ನೋಡಿಗೊಂಡ ಜವ್ವನಿಗ ಬಿ.ವಿ. ದೋಶಿ. ಅವೇ ಮತ್ತೆ ನಮ್ಮ ಬೆಂಗಳೂರಿನ ಐಐಎಂ ಕಟ್ಟಿದ್ದು. ಕಗ್ಗಲ್ಲಿನ ಗೋಡೆ, ಉದ್ದ ಉದ್ದ ನಡವ ದಾರಿ, ಎಡೆಎಡೆಲಿ ಅಂಗಳ, ಬಳ್ಳಿ, ಮರ. 2018ರಲ್ಲಿ ಅವಕ್ಕೆ ಪ್ರಿಟ್ಜ್‌ಕರ್ ಪ್ರಶಸ್ತಿ ಸಿಕ್ಕಿತ್ತು, ಭಾರತದವಕ್ಕೆ ಅದು ಸುರೂವಾಣದ್ದು. ಗುರುವಿನ ಹತ್ತರೆ ಕಲ್ತದರ ನಮ್ಮ ಬೆಶಿಲಿಂಗೆ, ನೆರಳಿಂಗೆ ಹೊಂದುಸಿಗೊಂಡವು.

ಇನ್ನೊಂದು ಉಪಕಾರವನ್ನೂ ಹೇಳೆಕ್ಕು. ಜರ್ಮನಿಯ ಫ್ರಾಂಕ್‌ಫರ್ಟಿಲಿ 1926ರಲ್ಲಿ ಮಾರ್ಗರೆಟ್ ಶ್ಯುಟೆ-ಲಿಹೋಟ್ಸ್‌ಕಿ ಹೇಳ್ತ ಹೆಮ್ಮಕ್ಕೊ, ಕೆಲಸಗಾರರ ಮನೆಗೊಕ್ಕೆ ಹೇಳಿ ಒಂದು ಸಣ್ಣ ಅಡಿಗೆ ಕೋಣೆಯ ನಕ್ಷೆ ಮಾಡಿದವು. ಅಗಲ ಎರಡು ಮೀಟರಿಂದಲೂ ರಜ್ಜ ಕಮ್ಮಿ. ಒಂದು ಕೆಲಸಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ನಡೆಯೆಕ್ಕಾವುತ್ತು ಹೇಳಿ ಲೆಕ್ಕ ಹಾಕಿ ಕಪಾಟು, ಸಿಂಕು, ಕಟ್ಟೆ ಎಲ್ಲ ಕೈಗೆ ಸಿಕ್ಕುವ ಹಾಂಗೆ ಮಡಗಿದವು. ಅಂತಾದ್ದು ಸುಮಾರು 10,000 ಮಾಡಿದವು. ಇಂದು ನಮ್ಮ ಮನೆಗಳಲ್ಲಿಪ್ಪ ಕಟ್ಟೆ-ಕಪಾಟಿನ ಅಡಿಗೆ ಕೋಣೆಗೆ ಅದು ಅಜ್ಜಿ ಇದ್ದ ಹಾಂಗೆ. ಎನ್ನ ಅತ್ತೆ ಕತ್ತಲೆ ಅಡಿಗೆ ಕೋಣೆಲಿ ಬಗ್ಗಿ, ಹೊಗೆ ಉರುಗಿ, ಕಣ್ಣು ಕೆಂಪು ಮಾಡಿಗೊಂಡು ಬೇಶಿ ಹಾಕಿದವು. ಹಳೆಮನೆಯ ಹೊಗಳುವಗ ಆ ಕಣ್ಣುಗಳನ್ನೂ ಗ್ರೇಶೆಕ್ಕು.

ಹಳತ್ತು ಹೇಳ್ತದುದೆ ಒಂದು ಕಾಲಲ್ಲಿ ಹೊಸತ್ತೇ. ನಾವು "ಪರಂಪರೆಯ ಹಂಚಿನ ಮನೆ" ಹೇಳ್ತಲ್ಲದಾ, ಆ ಮಂಗಳೂರು ಹಂಚು ಬಂದದು ಬಾಸೆಲ್ ಮಿಷನಿನವು 1865ರಲ್ಲಿ ಮಂಗಳೂರಿಲಿ ಕಾರ್ಖಾನೆ ಸುರು ಮಾಡಿದ ಮತ್ತೆ. ಅದಕ್ಕಿಂತ ಮದಲು ಹೆಚ್ಚಿನವರದ್ದು ಮುಳಿಮಾಡು, ಸೋಗೆಮಾಡು. ವರ್ಷ ವರ್ಷ ಹೊದೆಶೆಕ್ಕು, ಕಿಚ್ಚಿನ ಹೆದರಿಕೆ ಬೇರೆ. ಎನ್ನ ಅಜ್ಜನಮನೆಗೆ ಹಂಚು ಹಾಕಿದ ಸುರೂವಿಂಗೆ, "ಮುಳಿಮಾಡಿನ ತಂಪು ಇದಕ್ಕಿಲ್ಲೆ" ಹೇಳಿ ಅಜ್ಜಿ ಪರಂಚಿಗೊಂಡಿತ್ತಿದ್ದವಡ. ಆದರೆ ಹಂಚು ನಿಂದತ್ತು. ಎಂತಕೆ ಹೇಳಿರೆ ಅದು ಮಳೆಯ ಕೆಲಸ ಸರಿಯಾಗಿ ಮಾಡಿತ್ತು. ಒಂದು ಹಂಚು ಒಡದರೆ ಅದರ ಒಂದರ ಬದಲುಸಿರೆ ಆತು.

ಮತ್ತೆ ತಾರಸಿ ಬಂತು. ತಾರಸಿ ಮನೆ ಹೇಳಿರೆ ಊರಿಲಿ ಒಂದು ಮರ್ಯಾದೆ, ಅಡಕ್ಕೆ ಒಣಗುಸುಲೆಯೂ ಲಾಯ್ಕ. ಹತ್ತಿಪ್ಪತ್ತು ಮಳೆಗಾಲ ಕಳುದಪ್ಪಗ ಬಿರುಕು, ಪಾಚಿ, ಸೋರುದು. ಈಗ ಪುತ್ತೂರಿಂದ ಸುಳ್ಯಕ್ಕೆ ಬಸ್ಸಿಲಿ ಹೋಪಗ ಕಿಟಿಕಿಂದ ನೋಡಿ: ತಾರಸಿಯ ಮೇಗೆ ಕಬ್ಬಿಣದ ಕಂಬ, ಅದರ ಮೇಗೆ ಇಳಿಜಾರು ಶೀಟು. ಲ ಕಾರ್ಬೂಸಿಯೆ ಬೇಡ ಹೇಳಿದ ಇಳಿಜಾರಿನ ನಮ್ಮ ಊರಿನವು ಆರ ಹತ್ತರೆಯೂ ಚರ್ಚೆ ಮಾಡದ್ದೆ ತಿರುಗಿ ತಂದು ಮಡಗಿದವು. ಅದರ ಅಡಿಲಿ ಅಡಕ್ಕೆಯೂ ಒಣಗುತ್ತು, ಚೆಂಡಿ ವಸ್ತ್ರವೂ ಒಣಗುತ್ತು, ಮದುವೆ ಆದರೆ ಹಂತಿಯೂ ಹಾಕಲಕ್ಕು. ಪಟ ತೆಗವಲೆ ಚೆಂದ ಇಲ್ಲೆ, ಒಪ್ಪಿದೆ. ಆದರೆ ಇದು ನಮ್ಮ ಊರಿನ ಲಕ್ಷಗಟ್ಲೆ ಮಳೆಹನಿಗೊ ಸೇರಿ ಬರೆಶಿದ ವಿಮರ್ಶೆ.

ಇಷ್ಟೆಲ್ಲ ಆನು ಓದ್ಲೆ ಕಾರಣ ಇದ್ದು. ಎಂಗಳ ಹಳೆಮನೆಯ ತೆಗದು ಹೊಸತ್ತು ಕಟ್ಟುವ ಮಾತು ನೆಡೆತ್ತಾ ಇದ್ದು. ನಕ್ಷೆ ಬಯಿಂದು. ಚಪ್ಪಟೆ ಮಾಡು, ಪಡು ಹೊಡೆಲಿ ಆಳೆತ್ತರದ ಗ್ಲಾಸು, ಹಾಲಿಂಗೆ ತೆರಕ್ಕೊಂಡ ಅಡಿಗೆ ಜಾಗೆ. ನಕ್ಷೆ ಮಾಡಿದವು ಮೂರು ಸರ್ತಿ ಮನೆಗೆ ಬಂದವು, ಮೂರು ಸರ್ತಿಯೂ ಜೆಗಿಲಿಲಿ ಕೂದು ಇವರ ಹತ್ತರೆ, ಮಗನ ಹತ್ತರೆ ಮಾತಾಡಿದವು. ಆನು ಚಾಯ ಕೊಟ್ಟೆ. ಅಡಿಗೆ ಕೋಣೆಗೆ ಬಂದು ಒಲೆ ಎಲ್ಲಿ, ನೀರು ಎಲ್ಲಿ, ಮಳೆ ಏವ ಹೊಡೆಂದ ಬೀಸುತ್ತು ಹೇಳಿ ಆರೂ ಕೇಳಿದ್ದವಿಲ್ಲೆ. ಹಾಂಗೆ ಕಳುದ ವಾರ ಆನು ಮತ್ತೆ ಸೊಸೆ ಕೂದು ಒಂದು ಪಟ್ಟಿ ಬರದೆಯೊ°, ಯುಜೀನಿ ಅಮ್ಮ ಬರದ ಹಾಂಗೆ. ಪಡು ಗಾಳಿಗೆ ಎರಚಲು ತಡವಲೆ ಮಾಡು ಎಷ್ಟು ಹೆರ ಬರೆಕ್ಕು? ಜೂನಿಂದ ಸೆಪ್ಟೆಂಬರುವರೆಗೆ ವಸ್ತ್ರ ಎಲ್ಲಿ ಒಣಗುಸುದು? ಹಟ್ಟಿಗೆ ಚೆಂಡಿ ಆಗದ್ದೆ ಹೋಪದು ಹೇಂಗೆ? ಹಲಸಿನ ಹಪ್ಪಳ, ಮಾವಿನ ಮಾಂಬಳ ಎಲ್ಲಿ ಹಾಕುದು? ಅತ್ತೆಗೆ ಇರುಳು ಎದ್ದು ಹೋಪಲೆ ಎಷ್ಟು ಮೆಟ್ಲು? ಗ್ಲಾಸು ಉದ್ದುದು ಆರು? ಕಸದ ಡಬ್ಬಿ ಎಲ್ಲಿ? ಸೊಸೆಗೆ ಆ ತೆರದ ಅಡಿಗೆ ಜಾಗೆ ಬೇಕು, ಒಬ್ಬನೇ ಗೋಡೆ ನೋಡಿಗೊಂಡು ಬೇಶುದು ಬಚ್ಚುತ್ತು ಹೇಳ್ತು. ಅದರ ಮಾತುದೆ ಸರಿ, ಅದನ್ನೂ ಬರದೆಯೊ°. ಪಟ್ಟಿ ಕಂಡು ಮಗ° ನೆಗೆ ಮಾಡಿದ°. ಇವು ಎರಡು ಸರ್ತಿ ಓದಿಕ್ಕಿ, ಬಪ್ಪ ಸರ್ತಿ ಅವು ಬಪ್ಪಗ ನೀನುದೆ ಕೂರು ಹೇಳಿದವು.

ಮನೆ ಕಟ್ಟುಸುವವು ಇದರ ಓದುತ್ತಾ ಇದ್ದರೆ ಎನ್ನದೊಂದು ಮಾತು. ನಕ್ಷೆಗೆ ಸಹಿ ಹಾಕುವ ಮದಲು, ಅಂತಾದ್ದೇ ಮನೆಲಿ ಎರಡು ಮಳೆಗಾಲ ಕಳುದ ಒಬ್ಬ ಹೆಮ್ಮಕ್ಕಳ ಹುಡ್ಕಿ, ಒಂದು ಹೊತ್ತೋಪಗ ಅವರ ಅಡಿಗೆ ಕೋಣೆಲಿ ಕೂದು ಮಾತಾಡಿ. ಹೋಪದಾದರೆ ಜುಲೈಲಿ ಹೋಗಿ, ಮಳೆ ಬತ್ತಾ ಇಪ್ಪಗ. ಬಾಲ್ದಿ ಎಲ್ಲಿ ಮಡಗಿದ್ದವು ಹೇಳಿ ಅಲ್ಲೇ ಕಾಂಗು.